ಮುಂಬಯಿಯಲ್ಲಿ ಮಾಡಿದ ಹುಡ್ಡು

"ಅವನ್ನೇನ್ ಕೇಳ್ತೀರಿ ಸರ? ಅವ ಬರೇ ಪಾನಾ, ಸ್ಪ್ಯಾನರ್ ಎತ್ತಿಕೊಡೋ ಮನಷ್ಯಾ. ಕೆಲಸ ಎಲ್ಲಾ ಮುಂಬಯಿದೊಳಗ ಪಾರ್ಸಿ ಮಿಸ್ತ್ರಿ ಮಾಡ್ಯಾನ."

ಪ್ರಲ್ಹಾದ ಸಾವಕಾರನ ಈ ಮಾತಿಗೆ ಕಾರಿನ ಸುತ್ತ ನಿಂತಿದ್ದ ಏಳೆಂಟು ಜನ ಚನ್ನವೀರನ ಕಡೆ ನೋಡಿದರು. ನೋಡಿ, ಮತ್ತೆ ಕಾರಿನ ಕಡೆ ತಿರುಗಿದರು.

ಮರಾಠಿ ಸೀಮೆಯ ಖರಾಡಿಯ ಹೊಸ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಐವತ್ನಾಲ್ಕನೇ ಇಸವಿಯ ಮಾರಿಸ್ ಕಾರು ಹಸಿರಾಗಿ ಹೊಳೆಯುತ್ತಿತ್ತು. ಕೊಳ್ಳುವ ಸುದೀಪ ಮಂಗಳೂರಿನ ಕಡೆಯವನು, ಬೆಂಗಳೂರಿನಲ್ಲಿ ಓದಿದವನು, ಎದುರಿನ ಐಟಿ ಪಾರ್ಕಿನಲ್ಲಿ ಮ್ಯಾನೇಜರು. ಅವನು ಕೇಳಿದ್ದು ಸಣ್ಣ ಪ್ರಶ್ನೆ. ಕಾರಿನ ಚಾವಣಿಯಾದ ಕ್ಯಾನ್ವಾಸಿನ ಹುಡ್ಡನ್ನು ತಾನಾಗಿ ಎತ್ತಿ ಮಡಚುವ ಮೋಟಾರು ಯಾವುದು? ಕೇಳಿದ್ದು ಚನ್ನವೀರನನ್ನೇ. ಉತ್ತರ ಅವನ ನಾಲಗೆಯ ತುದಿಗೆ ಬಂದಿತ್ತು.

ಲಾರಿಯ ವೈಪರ್ ಮೋಟಾರು. ಅದಕ್ಕೆ ಹೊಲಿಗೆ ಯಂತ್ರದ ಗೇರು ಕೂಡಿಸಲು ಚನ್ನವೀರನಿಗೆ ಹನ್ನೊಂದು ತಿಂಗಳು ಹಿಡಿದಿತ್ತು. ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟವನು, ರದ್ದಿಯಲ್ಲಿ ಸಿಕ್ಕ ಇಂಗ್ಲಿಷ್ ಮ್ಯಾನ್ಯುಯಲ್ಲನ್ನು ಡಿಕ್ಷನರಿ ಹಿಡಿದು ಮೂರು ಸಲ ಓದಿದ್ದ. ಭೋರ್ ಎಂಬ ಊರಿನ ವಾಡೆಯೊಂದರ ಕೊಟ್ಟಿಗೆಯಿಂದ ಈ ಕಾರನ್ನು ಎಳೆದು ತಂದಾಗ ಅದರ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ತಳದ ತಗಡಿನ ತೂತಿನಲ್ಲಿ ನೆಲ ಕಾಣುತ್ತಿತ್ತು. ಸ್ವಾರಗೇಟಿನ ಹಿಂದಿನ ಶೆಡ್ಡಿನಲ್ಲಿ ಮೂರು ವರ್ಷ. ಶೆಡ್ಡು ಸಾವಕಾರನದು, ಕಾಗದಪತ್ರ ಸಾವಕಾರನ ಹೆಸರಿನಲ್ಲಿ. ಇರಲಿ. ಚನ್ನವೀರ ಬೇಡಿದ್ದು ಒಂದೇ: ಮಾರುವಾಗ, ಕೊಳ್ಳುವವನ ಎದುರು, ಇದನ್ನು ಮಾಡಿದವನು ಚನ್ನವೀರ ಎಂದು ಒಂದು ಮಾತು. ಆ ಮಾತಿನ ಮೇಲೆ ನಾಳೆ ತನ್ನದೇ ಒಂದು ಬೋರ್ಡು ಹಚ್ಚಬಹುದು.

"ಹೇಳ್ತೀನಲೇ. ನಿನ್ನ ಹೆಸರು ಬಿಟ್ಟು ಇನ್ಯಾರ ಹೆಸರು ಹೇಳಲಿ?" ಎಂದಿದ್ದ ಸಾವಕಾರ, ಇವತ್ತು ಮುಂಜಾನೆಯೂ.

ಈಗ 'ನಾನೇ ಮಾಡಿದ್ದು' ಎಂದು ಕೂಗಬಹುದು. ಮನಸ್ಸಿನಲ್ಲಿ ಕೂಗಿಯೂ ನೋಡಿದ. ಭಿಕ್ಷೆಯ ದನಿಯಂತೆ ಕೇಳಿಸಿತು. ಸಾವಕಾರನ ಸುಳ್ಳು ಇಸ್ತ್ರಿ ಮಾಡಿದ ಅಂಗಿ ತೊಟ್ಟಿತ್ತು. ಇವನ ನಿಜದ ಮೈಗೆ ಗ್ರೀಸು.

ಸುದೀಪ ಗುಂಡಿ ಒತ್ತಿದ. ಹುಡ್ಡು ಎದ್ದಿತು, ಅರ್ಧಕ್ಕೆ ಬಂದು ಗಕ್ಕನೆ ನಿಂತಿತು. ಯಾರೋ ನಕ್ಕರು.

ಕಾರಣ ಚನ್ನವೀರನಿಗೆ ಗೊತ್ತಿತ್ತು. ಇವತ್ತು ಖಂಡೇನವಮಿ, ಆಯುಧಪೂಜೆಯ ದಿನ. ಮುಂಜಾನೆ ಪೂಜೆಯಲ್ಲಿ ಸಾವಕಾರ ಚೆಂಡುಹೂವಿನ ಸರವನ್ನು ತಂದು ಹುಡ್ಡಿನ ಕಂಬಿಗೇ ಕಟ್ಟಿದ್ದ. "ಅಲ್ಲಿ ಬ್ಯಾಡ್ರಿ, ದಾರ ಗೇರಿನ್ಯಾಗ ಹೋಗ್ತದ" ಎಂದರೆ, "ದೇವರ ಹೂವಿಗೂ ನಿನ್ನ ಪರವಾನಗಿ ಬೇಕೇನಲೇ?" ಎಂದು ಬಾಯಿ ಮುಚ್ಚಿಸಿದ್ದ.

"ಏನ್ ಮಾಡಿಟ್ಟೀಯಲೇ ಇದು?" ಸಾವಕಾರ ಈಗ ಎಲ್ಲರೆದುರೇ ಹರಿಹಾಯ್ದ. "ನಿನ್ನ ಕೈ ಹತ್ತಿದ್ದೆಲ್ಲಾ ಹಿಂಗ!"

ಎರಡು ನಿಮಿಷದ ಹಿಂದೆ ಮುಂಬಯಿಯದಾಗಿದ್ದ ಹುಡ್ಡು, ಕೆಟ್ಟು ನಿಂತ ಕೂಡಲೇ ಚನ್ನವೀರನದಾಗಿತ್ತು.

"ಪಾನಾ ತಗದು ಬಿಚ್ಚಲೇ!"

"ಪೂಜಾಕ್ಕ ಇಟ್ಟಾವ್ರಿ. ನಾಳಿತನಕಾ ಮುಟ್ಟಬ್ಯಾಡ ಅಂದೀರಿ."

"ಎದುರು ಮಾತಾಡ್ತೀ?"

ಸುದೀಪ ತಾಯಿಯ ಕಡೆ ತಿರುಗಿದ. "ಅಮ್ಮ, ಒಂದು ಚಾಕು ತಂದ್ಕೊಡ್ತೀರಾ?"

ಉಮಾವತಿ ಕೆನ್ನೆ ಬಡಿದುಕೊಂಡರು. "ಚೂರಿ ಪೂಜೆಗೆ ಇಟ್ಟಾಗಿದೆ ಮಾರಾಯ. ಇವತ್ತಿನ ತರಕಾರಿಯನ್ನೂ ನಿನ್ನೆಯೇ ಕೊಯ್ದಿಟ್ಟದ್ದು. ಇವತ್ತು ಮುಟ್ಟುವ ಹಾಗಿಲ್ಲ."

ಕಬ್ಬಿಣಕ್ಕೆಲ್ಲ ರಜೆ. ಚನ್ನವೀರನಿಗೆ ಮಾತ್ರ ಇರಲಿಲ್ಲ.

ಅವನು ಹಿಂದಿನ ಸೀಟಿನ ಮೇಲೆ ಬೋರಲು ಬಿದ್ದು, ಕಂಬಿಗಳ ಸಂದಿಯಲ್ಲಿ ತಲೆ ತೂರಿಸಿದ. ಗೇರಿಗೆ ಸುತ್ತಿದ್ದ ದಾರ ಹಲ್ಲಿಗೆ ಸಿಕ್ಕಿತು. ಕಚ್ಚಿದ. ಗ್ರೀಸು, ಕುಂಕುಮ, ಹೂವಿನ ಕಹಿ ನೀರು. ಮೇಲೆ ಯಾರೋ ಮರಾಠಿಯಲ್ಲಿ, "ಅರೇ, ಉಂದೀರ ಆಹೇ ಕೀ ಕಾಯ!" ಎಂದರು. ಇಲಿಯಂತೆ. ಎಲ್ಲರೂ ನಕ್ಕರು. ಸಾವಕಾರನ ನಗೆ ಎಲ್ಲಕ್ಕಿಂತ ಕೊನೆಗೆ ನಿಂತಿತು.

ದಾರ ತುಂಡಾಯಿತು. ಗುಂಡಿ ಒತ್ತಿದಾಗ ಹುಡ್ಡು ಮೆಲ್ಲನೆ ಇಳಿದು, ಸೀಟಿನ ಹಿಂದೆ ಮಡಚಿ ಕೂತಿತು. ಚಪ್ಪಾಳೆ.

"ಅಮೇಜಿಂಗ್," ಎಂದ ಸುದೀಪ. "ಸರ್, ಆ ಪಾರ್ಸಿಯವರ ನಂಬರ್ ಕೊಡಿ. ನಾನೇ ಫೋನ್ ಮಾಡಿ ಥ್ಯಾಂಕ್ಸ್ ಹೇಳ್ಬೇಕು."

ಚನ್ನವೀರ ಸಾವಕಾರನ ಬಾಯಿಯನ್ನೇ ನೋಡಿದ.

"ಏನ್ ಹೇಳ್ಲಿ ಸರ... ತೀರಿಕೊಂಡ್ರು. ಹೋದ ತಿಂಗಳ."

"ಅಯ್ಯೋ ಪಾಪ," ಎಂದರು ಉಮಾವತಿ. "ಅಂಥ ಕೈ ಇನ್ನು ಸಿಗುವುದುಂಟಾ?"

ಸುದೀಪ ಕಪ್ಪು ಕನ್ನಡಕ ತೆಗೆದ. ನೆರೆಯವರ ನಗೆ ಅಡಗಿತು. ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ತನ್ನ ತಲೆಯೂ ತಗ್ಗಿರುವುದು ಚನ್ನವೀರನಿಗೆ ಆಮೇಲೆ ಗೊತ್ತಾಯಿತು. ಎತ್ತಲು ನೋಡಿದ. ಕುತ್ತಿಗೆ ಬೇರೆ ಯಾರದೋ ಆಗಿತ್ತು.

ಮೊದಲು ತಲೆ ಎತ್ತಿದವನು ಸುದೀಪ. ಅವನ ದನಿಯಲ್ಲಿ ನಿಜವಾದ ಕರುಣೆಯಿತ್ತು.

"ಬಾಸ್, ನೀವು ಅವರ ಹತ್ರ ಇದ್ದವರು ಅಲ್ವಾ? ಸಂಡೇ ಸಂಡೇ ಬಂದು ಗಾಡಿ ತೊಳೆದು ಹೋಗ್ತೀರಾ?"

ಚನ್ನವೀರ ತಿರುಗಿ ನಡೆದ.

"ಲೇ ಚನ್ಯಾ! ಸಾಹೇಬ್ರು ಕೇಳಾಕತ್ತಾರ, ಬಾಯಾಗೇನ್ ಕಡಬು ಇಟ್ಕೊಂಡೀಯೇನ?" ಸಾವಕಾರ ಹಿಂದಿನಿಂದ ಕೂಗಿದ.

ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಮಾಡಿದ. ಹೊರಗೆ ಹೋಗುವವರು ಸಹಿ ಮಾಡಬೇಕು. ಬಂದವರ ಹೆಸರು ಬರೆದಿಡುವ ವಹಿಯಲ್ಲಿ ಬೆರಳು ಓಡಿಸಿದ, ಪುಟ ತಿರುವಿದ, ಮತ್ತೆ ಮೊದಲಿನಿಂದ ಓಡಿಸಿದ. ಕಾರಿನ ನಂಬರಿತ್ತು. ಸಾವಕಾರನ ಹೆಸರಿತ್ತು. ಕಾವಲುಗಾರನ ಮುಖದಲ್ಲಿ ಕೋಪವಿರಲಿಲ್ಲ. ಲೆಕ್ಕ ತಪ್ಪಿದ ಹುಡುಗನ ಗೊಂದಲವಿತ್ತು.

"ತುಮಚೀ ಎಂಟ್ರೀಚ್ ನಾಹೀ. ಆಲಾತಚ್ ನಾಹೀ, ಮಗ ಜಾತಾ ಕಸೇ?"

ನಿಮ್ಮ ಎಂಟ್ರಿಯೇ ಇಲ್ಲ; ಒಳಗೆ ಬಂದೇ ಇಲ್ಲ, ಮತ್ತೆ ಹೋಗುವುದು ಹೇಗೆ?

ಚನ್ನವೀರ ಮುಂದೆ ನಡೆದ. ಏನು ಮಾಡಬೇಕೆಂದು ತಿಳಿಯದೆ ಕಾವಲುಗಾರ ಹಗ್ಗ ಜಗ್ಗಿದ. ಕೆಂಪು ಬಿಳಿ ಪಟ್ಟೆಯ ಉದ್ದನೆಯ ಅಡ್ಡಗೋಲು ಕಿರುಗುಟ್ಟುತ್ತ ಮೇಲೆದ್ದು, ಲಾರಿಯೊಂದಕ್ಕೆ ಸಾಕಾಗುವಷ್ಟು ಜಾಗ ಬಿಟ್ಟು, ಯಾರೂ ಇಲ್ಲದ ದಾರಿಯ ಮೇಲೆ ನೆಟ್ಟಗೆ ನಿಂತಿತು.