ಶುಭ್ರವಾದ ಕರವಸ್ತ್ರ

ಮೂಗೊರೆಸುವ ಬಟ್ಟೆಗೂ ಹೊಟ್ಟೆಯ ಒಳಪೊರೆಗೂ ನಮ್ಮ ಸ್ರೇಮ್ ಸೀಮೆಯಲ್ಲಿ ಒಂದೇ ಹೆಸರು, ಕರವಸ್ತ್ರ. ಹಂದಿಯದಾದರೂ ಅಷ್ಟೆ, ಮನುಷ್ಯನದಾದರೂ ಅಷ್ಟೆ. ಆ ಹೆಸರಿಟ್ಟ ಪುಣ್ಯಾತ್ಮ ಯಾಗೊದಾಳ ಕೈಗೆ ಸಿಕ್ಕಿದ್ದರೆ ಅವನಿಗೆ ಗ್ರಹಚಾರ ಬಿಡಿಸುತ್ತಿದ್ದಳು.

ಅವಳ ಗಂಡ ಗ್ವೊಜ್ದೆನನ ಕರುಳಿನ ಗಡ್ಡೆಯನ್ನು ಪಟ್ಟಣದ ಆಸ್ಪತ್ರೆಯಲ್ಲಿ ತೆಗೆದಿದ್ದರು. ಒಳಪೊರೆಯ ಚೂರು ಪರೀಕ್ಷೆಗೆ ಹೋಗಿತ್ತು. ಕರವಸ್ತ್ರ ಶುಭ್ರವಾಗಿದ್ದರೆ ಬದುಕುತ್ತಾನೆ, ಅದಕ್ಕೂ ಹಬ್ಬಿದ್ದರೆ ನಮ್ಮ ಕೈಯಲ್ಲಿಲ್ಲ, ಗುರುವಾರ ಮಧ್ಯಾಹ್ನದೊಳಗೆ ಫೋನ್ ಮಾಡಿಸುತ್ತೇನೆ ಎಂದಿದ್ದರು ಡಾಕ್ಟರು. ಅತ್ತೆ ಕ್ರೂನಿಯಾಗೆ ಮಾತ್ರ ಯಾಗೊದಾ ಬರೀ ಹರ್ನಿಯಾ ಎಂದು ಹೇಳಿದ್ದಳು. ಎಂಬತ್ತರ ಜೀವಕ್ಕೆ ಸಂಕಟ ಯಾಕೆ?

ಹಾಳು ಗುರುವಾರವೇ ಹಂದಿ ಕೊಯ್ಯುವ ದಿನ. ಕಟುಕ ಸಿಕ್ಕಿದ್ದೇ ಅವತ್ತು. ಫೋನ್ ಬಂದರೆ ಕೂಗಿ ಎಂದು ಅತ್ತೆಯನ್ನು ಒಳಗೆ ಕೂರಿಸಿ, ಯಾಗೊದಾ ಅಂಗಳದಲ್ಲಿ ಕಿವಿಯನ್ನು ಬಾಗಿಲಿಗೇ ಕೊಟ್ಟು ಕರುಳು ತೊಳೆದಳು. ಕಟುಕ ಹಂದಿಯ ಹೊಟ್ಟೆಯಿಂದ ಬಿಳಿ ಜಾಲರಿಯಂಥ ಪೊರೆ ಎಳೆದು ಬಿಸಿಲಿಗೆ ಹಿಡಿದ. ಲಿವರ್ ಸುತ್ತಿ ಬೇಯಿಸೋಕೆ ಇಂಥ ಕರವಸ್ತ್ರ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದ. ಹಂದಿಯದಾದರೆ ಬರಿಗಣ್ಣಲ್ಲೇ ನೋಡಿ ಹೇಳುವುದು ಎಷ್ಟು ಸುಲಭ, ಎಂದುಕೊಂಡಳು ಯಾಗೊದಾ.

ಹನ್ನೆರಡಾಯಿತು, ಎರಡಾಯಿತು. ಕೈ ತೊಳೆದು ಒಳಗೆ ಬಂದು ತಾನೇ ಫೋನ್ ಮಾಡಿದರೆ ಅಲ್ಲಿ ಯಾರೂ ಎತ್ತಲಿಲ್ಲ. ಕೆಟ್ಟ ಸುದ್ದಿಯನ್ನು ಫೋನಿನಲ್ಲಿ ಹೇಳುವುದಿಲ್ಲವಂತೆ ಎಂದು ಯಾರೋ ಅಂದದ್ದು ನೆನಪಾಗಿ, ಫೋನಿಟ್ಟು ಅತ್ತೆಯನ್ನು ಹುಡುಕಿಕೊಂಡು ಹೋದಳು. ಅಡುಗೆಮನೆಯಲ್ಲಿ ಅತ್ತೆ ಆರು ಕರವಸ್ತ್ರಗಳಿಗೆ ಇಸ್ತ್ರಿ ಹಾಕುತ್ತಿದ್ದಳು.

"ಇದೆಲ್ಲ ಯಾರಿಗತ್ತೆ, ಈಗ?"

"ಗ್ವೊಜ್ದೆನನಿಗೆ. ಹಂದಿ ಕಿರುಚ್ತಿದ್ದಾಗ ಆಸ್ಪತ್ರೆಯಿಂದ ಯಾರೋ ಹುಡುಗಿ ಫೋನ್ ಮಾಡಿದ್ಲು. ನೀನು ರಕ್ತದ ಕೈಲಿದ್ದೆ, ಇಷ್ಟಕ್ಕೆಲ್ಲ ಕರೆಯೋದ್ಯಾಕೆ ಅಂತ ಸುಮ್ಮನಾದೆ."

ಯಾಗೊದಾ ಮೇಜು ಹಿಡಿದುಕೊಂಡಳು. "ಕರವಸ್ತ್ರ ಕಳಿಸಿ ಅಂದ್ಲಾ? ಅವಳು ಅಂದದ್ದನ್ನ ಅಂದ ಹಾಗೇ ಹೇಳಿ."

"ಕರವಸ್ತ್ರ ಶುಭ್ರವಾಗಿದೆ ಅಂದ್ಲು. ನಂಗೆ ರೇಗಿಹೋಯ್ತು ಕಣೆ. ಶುಭ್ರವಾಗಿಲ್ದೆ ಇನ್ನೇನು, ನಾನೇ ಕೈಯಾರೆ ಒಗೆದು ಕಳಿಸಿದ್ದು ಅಂದು ಫೋನ್ ಇಟ್ಟೆ. ಇನ್ನಾರು ಕಳಿಸ್ತೀನಿ, ನೋಡ್ಲಿ."

ಯಾಗೊದಾ ಕುರ್ಚಿಯಲ್ಲಿ ಕುಸಿದು, ಕೈಗೆ ಸಿಕ್ಕ ಕರವಸ್ತ್ರವನ್ನು ಮುಖಕ್ಕೊತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಈಗಷ್ಟೇ ಇಸ್ತ್ರಿ ಮಾಡಿದ್ದು ಎಂದು ಮುದುಕಿ ಗೊಣಗಿದಳು. ಆಮೇಲೆ ಇಸ್ತ್ರಿಪೆಟ್ಟಿಗೆಯನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು.

"ಹರ್ನಿಯಾಗೆ ಯಾರೇ ಇಷ್ಟು ಅಳ್ತಾರೆ?"

ಕ್ರೂನಿಯಾ ಸೊಸೆಯ ಪಕ್ಕದಲ್ಲಿ ಕೂತಳು, ತನಗೂ ಒಂದು ಕರವಸ್ತ್ರ ತೆಗೆದುಕೊಂಡಳು.