ಹಾಲನ್ನದ ಬೆಕ್ಕು

ಶುಕ್ರವಾರ ಸಂಜೆ ಮಹಾಲಕ್ಷ್ಮಿ ಲೇಔಟಿನ ನೀಲಮ್ಮನವರ ಮನೆಯಲ್ಲಿ ಅಕ್ಕನ ಬಳಗದ ಹೆಂಗಸರು ಸೇರಿದ್ದರು. ವಚನ ಹಾಡಿ ಮುಗಿದು ಮಂಡಕ್ಕಿಯ ತಟ್ಟೆಗಳು ಕೈಯಿಂದ ಕೈಗೆ ಸಾಗುವ ಹೊತ್ತಿಗೆ ನೀಲಮ್ಮನವರು ಎಂದಿನಂತೆ ತಮ್ಮ ಬೆಕ್ಕಿನ ವಿಷಯಕ್ಕೆ ಬಂದರು. ದಾವಣಗೆರೆ ಬಿಟ್ಟು ಮೂವತ್ತು ವರ್ಷವಾದರೂ ಅವರ ಮಂಡಕ್ಕಿಯ ರುಚಿ ಕೆಟ್ಟಿರಲಿಲ್ಲ, ಜಂಬವೂ ಇಳಿದಿರಲಿಲ್ಲ.

"ನಮ್ಮ ಜೀರಿಗೆ ಹಾಲನ್ನ ಬಿಟ್ರೆ ಬೇರೇನೂ ಮುಟ್ಟಲ್ಲ ಕಣ್ರೀ. ಒಂದೂವರೆ ವರ್ಷ ಆಯ್ತು. ಅದಕ್ಕೂ ದೀಕ್ಷೆ ಆಗಿದೆ ಅಂತ ತಿಳ್ಕೊಳ್ಳಿ!"

ಹೆಂಗಸರು ನಕ್ಕರು. ಜೀರಿಗೆ ಎಂದರೆ ಬೂದು ಮೈಯ ಮೇಲೆ ಕಂದು ಗೆರೆಗಳ ಹೆಣ್ಣುಬೆಕ್ಕು. ಮೊದಲೆಲ್ಲ ಬೀದಿ ಸುತ್ತಿ ಬರುತ್ತಿತ್ತು. ಒಂದು ದಿನ ಇಲಿಯನ್ನು ಕಚ್ಚಿ ತಂದು ದೇವರ ಕೋಣೆಯಲ್ಲೇ ಹಾಕಿತು. ಮರುದಿನ ನೀಲಮ್ಮನವರ ಗಂಡ ಜಂಬಣ್ಣನವರು ಬಾಲ್ಕನಿಗೂ ಕಿಟಕಿಗಳಿಗೂ ಬಲೆ ಹಾಕಿಸಿದರು. ಅಂದಿನಿಂದ ಬೆಕ್ಕು ಹೊರಗೆ ಹೋಗಿಲ್ಲ, ಮನೆಯವರು ತಿನ್ನದ್ದನ್ನು ಅದೂ ತಿಂದಿಲ್ಲ. ಇಡೀ ಬೀದಿಗೆ ಇದು ಹೆಮ್ಮೆಯ ಸುದ್ದಿಯಾಗುವಂತೆ ನೀಲಮ್ಮನವರು ನೋಡಿಕೊಂಡಿದ್ದರು.

ಎಲ್ಲರ ಕಣ್ಣು ತನ್ನ ಮೇಲಿರುವಾಗಲೇ ಜೀರಿಗೆ ಸೋಫಾ ಮೇಲಕ್ಕೆ ಹಾರಿತು. ಆದರೆ ಒಂದು ಗೇಣು ಈಚೆಗೇ ಹಾರಿ, ಮರದ ಅಂಚಿಗೆ ಮೂತಿ ಬಡಿದು ನೆಲಕ್ಕೆ ಬಿತ್ತು.

"ಹಾಲು ಕುಡಿದು ಸೋಮಾರಿ ಆಗಿದೆ," ಎಂದು ಯಾರೋ ಅಂದರು. ಮತ್ತೆ ನಗು.

ಪಿಯುಸಿ ಓದುತ್ತಿದ್ದ ಮೊಮ್ಮಗಳು ಅನಘಾ ಮಾತ್ರ ನಗಲಿಲ್ಲ. ಬಿದ್ದಲ್ಲೇ ಕೂತ ಬೆಕ್ಕು ಬಾಯಿ ತುಸು ತೆರೆದು ಏದುಸಿರು ಬಿಡುತ್ತಿತ್ತು. ಅವಳು ಮೊಬೈಲಿನ ಟಾರ್ಚನ್ನು ಅದರ ಮುಖಕ್ಕೆ ಹಿಡಿದಳು. ಬೆಳಕು ಬಿದ್ದರೂ ಕಣ್ಣಿನ ಕಪ್ಪು ಗುಂಡು ಕಿರಿದಾಗಲಿಲ್ಲ.

"ಅಜ್ಜಿ, ಇದಕ್ಕೆ ಕಣ್ಣು ಕಾಣ್ತಿಲ್ಲ!"

ಅರ್ಧ ಗಂಟೆಯಲ್ಲಿ ಅಜ್ಜಿ, ಮೊಮ್ಮಗಳು ಕುರುಬರಹಳ್ಳಿಯ ಪಶುವೈದ್ಯೆ ಸೌಮ್ಯಶ್ರೀಯವರ ಕ್ಲಿನಿಕ್ಕಿನಲ್ಲಿದ್ದರು. ಡಾಕ್ಟರು ಕಣ್ಣು ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು, ಸ್ಕ್ಯಾನನ್ನೂ ಮಾಡಿದರು.

"ಊಟಕ್ಕೆ ಏನು ಹಾಕ್ತೀರಮ್ಮ?"

"ಹಾಲು, ಅನ್ನ. ಬೇಸಿಗೇಲಿ ಮೊಸರನ್ನ. ಅಪ್ಪಟ ಸಸ್ಯಾಹಾರಿ ಮೇಡಂ," ಎಂದರು ನೀಲಮ್ಮ. ಹೆಮ್ಮೆಯ ದನಿ ಅಭ್ಯಾಸಬಲದಿಂದ ಬಂದೇಬಿಟ್ಟಿತು.

ಡಾಕ್ಟರು ಸ್ಟೆತಸ್ಕೋಪ್ ಕೆಳಗಿಟ್ಟರು. "ಬೆಕ್ಕಿನ ಕಣ್ಣಿಗೂ ಹೃದಯಕ್ಕೂ ಟಾರಿನ್ ಅನ್ನೋ ಒಂದು ಸತ್ವ ಬೇಕೇ ಬೇಕು. ಅದು ಮಾಂಸದಲ್ಲಿರುತ್ತೆ. ಹಾಲನ್ನದಲ್ಲಿ ಸಾಕಾಗೋವಷ್ಟು ಸಿಗಲ್ಲ. ಕಣ್ಣು ಪೂರ್ತಿ ಹೋಗಿದೆ, ಇನ್ನು ವಾಪಸ್ ಬರಲ್ಲ. ಹೃದಯನೂ ಸೋತಿದೆ. ಆದ್ರೆ ಅದನ್ನ ಇನ್ನೂ ಉಳಿಸ್ಬಹುದು, ಇವತ್ತಿಂದ್ಲೇ ಅದರ ಊಟ ಕೊಟ್ರೆ."

"ನಾವು ಅದನ್ನೆಲ್ಲ ಮುಟ್ಟೋರಲ್ಲ ಮೇಡಂ. ಮನೇಲಿ ಲಿಂಗಪೂಜೆ ಇದೆ. ಮಾತ್ರೆ ಕೊಟ್ಬಿಡಿ."

"ಮಾತ್ರೆನೂ ಕೊಡ್ತೀನಿ. ಆದ್ರೆ ಮಾತ್ರೆ ಊಟ ಆಗಲ್ವಲ್ಲ. ಯಾರಾದ್ರೂ ಹಸೂನ ಕಟ್ಟಿಹಾಕಿ ದಿನಾ ಕೋಳಿಮಾಂಸ ಹಾಕಿದ್ರೆ ನೀವು ಸುಮ್ನಿರ್ತೀರಾ ಅಮ್ಮಾ?"

ನೀಲಮ್ಮನವರು ಬೆಕ್ಕನ್ನು ಮಡಿಲಿಗೆ ಎಳೆದುಕೊಂಡರು. ತಾವು ಮುದ್ದು ಮಾಡಿ ಕಲಸಿ ಹಾಕಿದ ಒಂದೊಂದು ತುತ್ತೂ ಅದರ ಕಣ್ಣನ್ನು ತಿಂದಿದೆ ಎಂದು ಈಗ ತಿಳಿಯಿತು.

"ಮಲಗಿದಾಗ ಒಂದು ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸ್ತಾ ಇರು," ಎಂದು ಡಾಕ್ಟರು ಅನಘಾಳಿಗೆ ಹೇಳಿದರು. "ನಲವತ್ತು ದಾಟಿದ್ರೆ ಆ ಕ್ಷಣಾನೇ ಕರ್ಕೊಂಡು ಬಾ. ಅದಕ್ಕೆ ಗಾಬರಿ ಮಾತ್ರ ಆಗಬಾರದು."

ಹೊರಡುವಾಗ ಅನಘಾ ತಾತನಿಗೆ ಫೋನಿನಲ್ಲಿ ಎಲ್ಲ ಹೇಳಿ, ತಿಳಿಯಲ್ಲಿ ಮೀನಿನ ಚೂರುಗಳಿರುವ ಬೆಕ್ಕಿನೂಟದ ನಾಲ್ಕು ಪೊಟ್ಟಣ ಕೊಂಡಳು. ಮನೆಯ ಬಾಗಿಲಲ್ಲೇ ಜಂಬಣ್ಣನವರು ಅಡ್ಡ ನಿಂತರು. ಅವರು ಕೆಟ್ಟ ಮನುಷ್ಯರಲ್ಲ. ಎಪ್ಪತ್ತು ವರ್ಷದಲ್ಲಿ ಮೊಟ್ಟೆ ಹಾಕಿದ ಕೇಕನ್ನೂ ತಿನ್ನದೆ ಬಾಳಿದವರು.

"ಅದು ಒಳಗೆ ಬರಬಾರದು."

"ತಾತಾ, ತಿನ್ನದಿದ್ರೆ ಜೀರಿಗೆ ಸತ್ತೋಗುತ್ತೆ!"

"ಸಾಯ್ಲಿ ಅಂತ ನಾನು ಹೇಳಿದ್ನಾ? ಅದರ ಊಟ ಅದಕ್ಕೆ ಸಿಗಲಿ, ನಾನೇನು ಬೇಡ ಅನ್ನಲ್ಲ. ಆದ್ರೆ ಈ ಹೊಸ್ತಿಲು ದಾಟಿ ಬೇಡ. ನನಗೆ ಲಿಂಗದೀಕ್ಷೆ ಆದ ದಿನ, ಮಾಂಸ ಮನೆಯೊಳಗೆ ಬರೋಕೆ ಬಿಡಲ್ಲ ಅಂತ ನಮ್ಮಪ್ಪಂಗೆ ಮಾತು ಕೊಟ್ಟಿದೀನಿ ಕಣಮ್ಮ. ಆಫೀಸಲ್ಲಿ ನನ್ನ ಕೈಕೆಳಗಿದ್ದ ಕೆಂಗೇರಿ ಶಶಿಕುಮಾರ್ ಮನೇಲಿ ಮೀನು ಮಾಂಸ ಎಲ್ಲಾ ಮಾಡ್ತಾರೆ. ಬೆಕ್ಕುಗಳೂ ಇವೆ. ನಾಳೆ ಬೆಳಗ್ಗೆ ಬಂದು ಕರ್ಕೊಂಡು ಹೋಗ್ತಾನೆ."

"ಕುರುಡು ಬೆಕ್ಕು ತಾತಾ. ಗೊತ್ತಿಲ್ಲದ ಮನೇಲಿ, ಬೇರೆ ಬೆಕ್ಕುಗಳ ಮಧ್ಯೆ ಅದು ಹೆದರಿಕೆಗೇ ಹೋಗ್ಬಿಡುತ್ತೆ. ಅಜ್ಜಿ, ನೀನಾದ್ರೂ ಹೇಳು."

ನೀಲಮ್ಮನವರು ಬೆಕ್ಕನ್ನು ಎದೆಗೊತ್ತಿಕೊಂಡು ಒಳಗೆ ನಡೆದರು. ಪೊಟ್ಟಣಗಳು ಹೊರಗೆ ಚಪ್ಪಲಿ ಗೂಡಿನ ಮೇಲೆ ಉಳಿದವು. ಅನಘಾ ಹಾಲಿನಲ್ಲಿ ಮಾತ್ರೆ ಅರೆದು ಇಟ್ಟಳು. ಬೆಕ್ಕು ಮೂಸಿ ಮುಖ ತಿರುಗಿಸಿತು.

ಬೆಳಗ್ಗೆಯಾದರೂ ಅದು ಏನನ್ನೂ ಮುಟ್ಟಿರಲಿಲ್ಲ. ಊಟದ ಮೇಜಿನ ಕೆಳಗೆ ಚಪ್ಪಟೆಯಾಗಿ ಮಲಗಿತ್ತು. ಅನಘಾ ಪಕ್ಕದಲ್ಲಿ ಕೂತು ಎಣಿಸುತ್ತಿದ್ದಳು. ಏಳು ಗಂಟೆಗೆ ಮೂವತ್ತಮೂರು. ಎಂಟಕ್ಕೆ ಮೂವತ್ತಾರು.

ನೀಲಮ್ಮನವರು ಸ್ನಾನ ಮುಗಿಸಿ ಪೂಜೆಗೆ ಕೂತರು. ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ದೃಷ್ಟಿ ನಿಲ್ಲಿಸಿದರು. ಐವತ್ತು ವರ್ಷದಲ್ಲಿ ಒಂದು ದಿನವೂ ತಪ್ಪದ ಪೂಜೆ. ಇಂದು ಮಾತ್ರ ಮನಸ್ಸು ನಿಲ್ಲಲೊಲ್ಲದು. ಕಣ್ಣ ಮುಂದೆ ಬೆಳಕಿಗೂ ಕಿರಿದಾಗದ ಆ ಕಪ್ಪು ಗುಂಡುಗಳೇ ಬಂದು ನಿಲ್ಲುತ್ತಿದ್ದವು. ಹೊರಗಿನಿಂದ ಮೊಮ್ಮಗಳ ದನಿ ಬಂತು. "ಮೂವತ್ತೆಂಟು ಅಜ್ಜಿ. ಜಾಸ್ತಿ ಆಗ್ತಾ ಇದೆ."

ಅವರು ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ನೇರ ಬಾಗಿಲು ತೆರೆದು, ಚಪ್ಪಲಿ ಗೂಡಿನ ಮೇಲಿದ್ದ ಪೊಟ್ಟಣವೊಂದನ್ನು ತೆಗೆದುಕೊಂಡು ಹೊಸ್ತಿಲು ದಾಟಿ ಒಳಗೆ ಬಂದರು.

"ನೀಲಾ," ಎಂದರು ಜಂಬಣ್ಣ, ಪೇಪರ್ ಕೆಳಗಿಳಿಸಿ.

"ಇಲಿ ತಂದಿದ್ದಕ್ಕೆ ಬಲೆ ಹಾಕಿದವ್ರು ನಾವು. ಅದರ ಊಟ ಕಿತ್ಕೊಂಡವ್ರೂ ನಾವೇ. ಕಣ್ಣು ಕಳೆದಿದ್ದಂತೂ ನಾನು. ನಾನು ಮಾಡಿದ ಪಾಪಾನ ಶಶಿಕುಮಾರ್ ಬುಟ್ಟಿಗೆ ಹಾಕಿ ಕಳಿಸ್ಲಾ?"

ಜಂಬಣ್ಣನವರು ಪೇಪರ್ ಮಡಿಸಿ ಪಕ್ಕಕ್ಕಿಟ್ಟರು.

ನೀಲಮ್ಮನವರು ಮೇಜಿನ ಬಳಿ ನೆಲಕ್ಕೆ ಕೂತು ಪೊಟ್ಟಣ ಹರಿದರು. ವಾಸನೆ ಮೂಗಿಗೆ ಬಡಿಯಿತು. ಸೆರಗಿನಿಂದ ಮೂಗು ಮುಚ್ಚಲು ಹೋದವರು ಕೈ ಇಳಿಸಿದರು. ತಟ್ಟೆಗೆ ಸುರಿದು ಬೆಕ್ಕಿನ ಮುಂದೆ ಇಟ್ಟರು. ಅದು ತಟ್ಟೆಯ ಅಂಚಿಗೆ ಗದ್ದ ತಗುಲಿದ್ದಕ್ಕೇ ಬೆಚ್ಚಿ ಹಿಂದೆ ಸರಿಯಿತು.

"ತಟ್ಟೆ ತಾಗಿದ್ರೆ ಹೆದರ್ತಾ ಇದೆ ಅಜ್ಜಿ."

ನೀಲಮ್ಮನವರು ಒಂದು ಕ್ಷಣ ತಮ್ಮ ಎಡಗೈಯನ್ನು ನೋಡಿದರು. ಆಮೇಲೆ ಮೀನಿನ ಚೂರುಗಳನ್ನು ಆ ಅಂಗೈಯಲ್ಲೇ ಹಾಕಿಕೊಂಡು ಬೆಕ್ಕಿನ ಮೂಗಿನ ಹತ್ತಿರ ಹಿಡಿದರು. "ತಿನ್ನೇ ತಾಯಿ," ಎಂದರು. "ನಂದು ತಪ್ಪಾಯ್ತು. ತಿನ್ನು."

ಜೀರಿಗೆ ಮೂಸಿತು. ಒಮ್ಮೆ ನೆಕ್ಕಿತು. ಮತ್ತೆ ನೆಕ್ಕಿತು. ಆಮೇಲೆ ಬಿಡದೆ ತಿನ್ನತೊಡಗಿತು. ಅನಘಾ ಎಣಿಕೆ ಮರೆತು ಅಳುತ್ತಿದ್ದಳು.

ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ಬೆಕ್ಕು ಬೆದರಿ ತಲೆಯೆತ್ತಿತು. ನೀಲಮ್ಮನವರು ಕೈ ಕದಲಿಸದೆ ಗಂಡನ ಮುಖ ನೋಡಿದರು. ಜಂಬಣ್ಣನವರು ಎದ್ದು ಹೋಗಿ ಬಾಗಿಲನ್ನು ಅರ್ಧವಷ್ಟೇ ತೆರೆದರು.

"ಬುಟ್ಟಿ ತಂದಿದೀನಿ ಸಾರ್," ಎಂದ ಶಶಿಕುಮಾರ್.

"ಸುಮ್ನೆ ಓಡಾಡಿಸಿದೆ ಕಣಪ್ಪ, ಬೇಜಾರ್ ಮಾಡ್ಕೋಬೇಡ. ಕೆಳಗೆ ಹೋಟ್ಲಲ್ಲಿ ಕೂತಿರು, ಕಾಫಿ ಕುಡಿಯೋಣ. ಐದು ನಿಮಿಷಕ್ಕೆ ಬಂದೆ. ಮನೇಲಿ ಈಗ ಗಲಾಟೆ ಆಗಬಾರದು."

ಸದ್ದಾಗದಂತೆ ಬಾಗಿಲು ಹಾಕಿ ಅವರು ಅಡುಗೆಮನೆಗೆ ಹೋದರು. ತಂಬಿಗೆಯಲ್ಲಿ ನೀರು, ಒಂದು ಬೋಗುಣಿ ತಂದು ಹೆಂಡತಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಬೆಕ್ಕು ಕೊನೆಯ ಚೂರನ್ನೂ ನೆಕ್ಕಿ ಮುಗಿಸುವವರೆಗೆ ಕಾದು, ಆಮೇಲೆ ಆಕೆಯ ಅಂಗೈ ಮೇಲೆ ನಿಧಾನವಾಗಿ ನೀರು ಸುರಿದರು.

"ಇನ್ನೊಂದು ಸಲ ಯಾವಾಗ ಹಾಕ್ಬೇಕು?"

"ಮಧ್ಯಾಹ್ನ. ಆಮೇಲೆ ಸಂಜೆ," ಎಂದಳು ಅನಘಾ.

ಜಂಬಣ್ಣನವರು ಖಾಲಿ ಪೊಟ್ಟಣವನ್ನು ಎರಡು ಬೆರಳಲ್ಲಿ ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಶುಕ್ರವಾರ ಸಂಜೆ ನಿನ್ನಜ್ಜಿ ಬಳಗಕ್ಕೆ ಹೋಗ್ತಾಳೆ. ಇದನ್ನ ಹೇಗೆ ಹರಿಯೋದು, ನನಗೂ ತೋರಿಸು."