ಹೊಳೆಗೆ ಕೇಳಿಸಬಾರದ ಹೆಸರು

ಬಟ್ಟೆ ಒಗೆಯುವ ಕಲ್ಲಿನ ಬುಡ ಒದ್ದೆ—ಈಗಷ್ಟೇ ಒಣಗಿತ್ತು, ಅಲೆ ಬಡಿದಿರಬೇಕು ಎಂದುಕೊಂಡಳು ಗೋಪಮ್ಮ, ಆದರೆ ಬಂದ ಅಲೆ ಹಿಂದಕ್ಕೆ ಹೋಗಬೇಕು, ಇದು ಹೋಗುತ್ತಿಲ್ಲ, ಕಲ್ಲಿಗೆ ಅಂಟಿಕೊಂಡು ಮೇಲೇರುತ್ತಿದೆ, ಆಕಾಶ ನೋಡಿದರೆ ಬೋಳು, ಪಡುವಣಕ್ಕೆ ಮೋಡವಿಲ್ಲ, ನೀರಿಗೆ ಕೆಂಪಿಲ್ಲ, ನೊರೆಯಿಲ್ಲ, ದಂಡೆಯ ಇರುವೆಗಳು ತತ್ತಿ ಹೊತ್ತು ಎದ್ದಿಲ್ಲ, ನೆರೆಯ ಈ ಕುರುಹು ಕಾಣದೆ ದೇವಸುಗೂರಿನ ಅಂಬಿಗರು ಯಾವತ್ತೂ ಹರಿಗೋಲನ್ನು ದಡಕ್ಕೆ ಎಳೆದವರಲ್ಲ, ಅದಕ್ಕೇ ನಿನ್ನೆ ಡಂಗುರದ ತಳವಾರನನ್ನು ನೋಡಿ ಗಂಡ ನಕ್ಕದ್ದು, ಮ್ಯಾಲಿನ ಡ್ಯಾಮಿನಿಂದ ನೀರು ಬಿಡ್ತಾರಂತ ಉರುಕುಂದಪ್ಪಣ್ಣ, ಹೊಳ್ಯಾಗ ಇಳೀಬ್ಯಾಡ್ರಿ ಎಂದಿದ್ದ ತಳವಾರ, ಅದಕ್ಕೆ ಗಂಡ, ಹೋಗೋ ಹೋಗ, ಹೊಳಿ ನಮ್ಮ ಮುತ್ಯಾನ ಕಾಲದಿಂದ ನಮಗ ಹೇಳೇ ಬರತದ, ನಿನ್ನ ಹಲಿಗಿ ಕೇಳಿ ಬರತದೇನು?—ಅಲ್ಲಿ ನಡುಹೊಳೆಯ ಬಂಡೆಯ ಮೇಲೆ ಅವನು, ಬಂಡೆಯ ಆಚೆ ಬದಿಗೆ ಎಳೆದಿಟ್ಟ ಹರಿಗೋಲು, ಹೆಬ್ಬೆರಳಿನಷ್ಟು ಕಾಣುತ್ತಾನೆ, ಬೆನ್ನು ಈ ಕಡೆ, ಬಲೆ ಬಿಡಿಸುತ್ತಿದ್ದಾನೆ, ಬೆಳಿಗ್ಗೆ ಹೊರಡುವಾಗ ಅಂದಿದ್ದ, ಹೊಳ್ಯಾಗ ಹಾಕಿದ್ದ ಇದೊಂದು ಬಲಿ ತಂದುಬಿಡ್ತೀನಿ, ಸೋಮವಾರದಿಂದ ನಿಮ್ಮಣ್ಣ ಹೇಳಿದಂಗ ಸಿಮೆಂಟ್ ಚೀಲ ಹೊರಾಕ ಹೋಗ್ತೀನಿ, ರಾಯಚೂರು ಸಂತ್ಯಾಗ ಐಸಿನ್ಯಾಗಿನ ಕೆರಿಮೀನ ಲಾರಿಗಟ್ಟಲೆ ಬೀಳಾಕತ್ಯಾವು, ನಮ್ಮ ಹೊಳಿಮೀನ ಯಾರ ಕೇಳ್ತಾರ, ಇನ್ನ ನನ್ನ ಮೈ ನಾರಂಗಿಲ್ಲ, ಖುಷಿ ಆತೇನಲೇ?—ಅವಳು ಬುತ್ತಿ ಕಟ್ಟಿಕೊಟ್ಟಳು, ಆ ಮೀನಿನ ವಾಸನೆಯಿಲ್ಲದ ಮೈಯನ್ನು ಕತ್ತಲಲ್ಲಿ ಗುರುತಿಸುವುದು ಹೇಗೆ ಎಂದು ಮಾತ್ರ ಹೊಳೆದಿತ್ತು—ನೀರು ಪಾದ ಮುಟ್ಟಿತು, ತಣ್ಣಗೆ, ಯಾವುದೋ ಆಳದಲ್ಲಿ ಕಟ್ಟಿಹಾಕಿದ್ದ ತಂಪು, ಕೂಗಬೇಕು, ಏನ್ರೀ, ಏನ್ರೀ ಎಂದು ಕೂಗಿದಳು, ಗಾಳಿಗೆ ಹಾರಿತು, ಸೆರಗು ಬೀಸಿದಳು, ಬೆನ್ನಿಗೆ ಕಣ್ಣುಂಟೆ, ಹೆಸರು ಹಿಡಿದು ಕರೆದರೆ—ಹೊಸ ಸೊಸೆಯಾಗಿ ಬಂದಾಗಲೇ ಅತ್ತೆ ಮಾನಮ್ಮ ಕಿವಿ ಹಿಂಡಿದ್ದಳು, ಗಂಡನ ಹೆಸರು ಮನ್ಯಾಗ ಅಂದ್ರ ನಾ ಬೈತೀನಿ, ದಂಡಿ ಮ್ಯಾಗ ಅಂದ್ರ ಹೊಳಿ ಕಲೀತದ ಬೇ, ಆಮ್ಯಾಲ ಅದೂ ಕರೀತದ—ಆದರೆ ಹೇಳಿ ಬರುತ್ತಿದ್ದ ಹೊಳೆಯೇ ಹೇಳದೆ ಬಂದಿದೆ, ಇದಕ್ಕೆ ಇನ್ನೂ ಆ ಹಳೆಯ ಕಿವಿ ಇದೆಯೆ, ಮೊಣಕಾಲು, ಮೊಣಕಾಲಿಗೆ ಬಂತು, ಹೊಳಿ ಗಂಗವ್ವಾ ನೀ ಕಿವಿ ಮುಚ್ಚಿಕೋ—ಉರುಕುಂದಪ್ಪಾ! ಅವಳ ಬಾಯಲ್ಲಿ ಮೊದಲ ಸಲ, ಉರುಕುಂದಪ್ಪಾ!—ಕೇಳಿಸಿತು, ಎದ್ದ, ಇತ್ತ ತಿರುಗಿದ, ಹೆಂಡತಿ ಹೆಸರು ಹಿಡಿದದ್ದಕ್ಕೆ ಬೆರಗಾಗಿ ನಿಂತೇ ಬಿಟ್ಟ, ಕಿವಿಗೆ ಕೈ ಇಟ್ಟ, ನಗುತ್ತಿದ್ದಾನೋ ಏನೋ, ನನ್ನಲ್ರೀ, ಹಿಂದ, ಹಿಂದ ನೋಡ್ರಿ—ಅವನ ಬೆನ್ನ ಹಿಂದೆ ಹರಿಗೋಲು ಬಂಡೆ ಬಿಟ್ಟಿತು, ಖಾಲಿ, ಒಂದು ಸುತ್ತು ತಿರುಗಿತು, ಅವನು ಇತ್ತಲೇ ನೋಡುತ್ತಿದ್ದಾನೆ, ಹರಿಗೋಲು ತಿರುಗಿತು, ಖಾಲಿ, ತಿರುಗಿತು—